ಎದುರು ಕೂತವನ ಬಲಗಡೆ

ಟೇಲರಮ್ಮ ಲ್ಯಾಪ್‌ಟಾಪ್ ಕೊಳ್ಳಲು ಹೊರಟದ್ದು ಒಂದು ಕಂಕುಳಲ್ಲಿ ಇಸ್ತ್ರಿ ಮೇಜಿನ ಕಂಬಳಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಗಂಡನನ್ನು ಹಿಡಿದುಕೊಂಡು. ಟ್ರಯಲ್ ನೋಡದೆ ಅವಳು ಒಂದು ಸೂಜಿಯನ್ನೂ ಕೊಂಡವಳಲ್ಲ. ಮದುವೆಗೆ ಮುಂಚೆ ಗಂಡನನ್ನೂ ಮೂರು ಸಲ ಕರೆಸಿ, ಹಿಂದೆ ಮುಂದೆ ತಿರುಗಿಸಿ ನೋಡಿಯೇ ಒಪ್ಪಿಕೊಂಡದ್ದೆಂದು ಓರಗಿತ್ತಿಯರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಗಂಡ ಲಾರಿ ಮೆಕ್ಯಾನಿಕ್. ಅವನ ಕಿವಿಯ ವಿಷಯ ಎಷ್ಟು ಹೇಳಿದರೂ ಕಡಿಮೆಯೇ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡನೆಂದರೆ ಯಾವ ಬೇರಿಂಗಿಗೆ ಇನ್ನೆಷ್ಟು ದಿನದ ಆಯಸ್ಸು ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಮೂರು ಬೀದಿ ಆಚೆ ಬರುತ್ತಿದ್ದ ಲಾರಿಯ ಸದ್ದು ಕೇಳಿ, ಡ್ರೈವರನಿಗೆ ನೆಗಡಿಯಾಗಿದೆ ಅಂದನಂತೆ. ಲಾರಿ ಬಂದು ನಿಂತಿತು, ಡ್ರೈವರ್ ಇಳಿದ, ಸೀನಿದ. ನಂಬದವರು ಆ ಡ್ರೈವರನನ್ನೇ ಹುಡುಕಿ ಕೇಳಿಕೊಳ್ಳಲಿ.

ಅಂಥವನಿಗೆ ಎರಡು ವರ್ಷದ ಹಿಂದೆ ಕಣ್ಣು ಮಂಜಾಯಿತು. ಆಮೇಲೆ ಬರೀ ಬೆಳಕು, ಕತ್ತಲೆ ಗೊತ್ತಾಗುವಷ್ಟಕ್ಕೆ ಇಳಿಯಿತು. ಗ್ಯಾರೇಜಿನ ಬಾಗಿಲು ಹಾಕಿದ ದಿನವೇ ಬಾಯಿಗೂ ಬೀಗ ಹಾಕಿಕೊಂಡ. ಊಟಕ್ಕೆ ಕರೆದರೆ ಹೂಂ, ಇನ್ನಷ್ಟು ಬಡಿಸಲೇ ಅಂದರೆ ಬೇಡ. ಗೋಡೆಯ ಮೇಲಿನ ಹಲ್ಲಿ ಅವನಿಗಿಂತ ಹೆಚ್ಚು ಮಾತಾಡುತ್ತಿತ್ತು.

ಆಗ ಟೇಲರಮ್ಮನ ಅಣ್ಣನ ಮಗ ತನ್ನ ಹಳೇ ಲ್ಯಾಪ್‌ಟಾಪನ್ನು ಇವರ ಮನೆಯಲ್ಲಿ ಬಿಟ್ಟು ಹೋದ. ಅದರಲ್ಲೊಂದು ಆಟ. ಕಾಡಿನಲ್ಲಿ ಅಲೆಯಬೇಕು, ಕಳ್ಳರು ಎಲ್ಲಿಂದಲೋ ಮೇಲೆ ಬೀಳುತ್ತಾರೆ, ಅವರನ್ನು ಕೆಡವಬೇಕು. ಇದೇನು ನೋಡೋಣ ಎಂದು ಅವಳು ಲ್ಯಾಪ್‌ಟಾಪನ್ನು ಇಸ್ತ್ರಿ ಕಂಬಳಿಯ ಮೇಲಿಟ್ಟು ಶುರುಮಾಡಿದ್ದಷ್ಟೆ. ಲಕ್ಷಾಂತರ ಕಾಜಾ ಹೊಲಿದ ಬೆರಳುಗಳು, ಕೀಬೋರ್ಡು ಅವಕ್ಕೆ ಯಾವ ಲೆಕ್ಕ? ಇಸ್ತ್ರಿ ಮೇಜಿನ ಆಚೆ ಸ್ಟೂಲಿನಲ್ಲಿ ಕೂತಿದ್ದ ಗಂಡ ಇದ್ದಕ್ಕಿದ್ದಂತೆ ಬಾಯಿ ಬಿಟ್ಟ: "ಬಲಗಡೆ ಯಾರೋ ಬರ್ತಿದಾನೆ. ಅವನ ಬೂಟಿನ ಅಟ್ಟೆ ಕಿತ್ತಿದೆ." ಅವಳ ಕೈ ತಾನಾಗಿ ತಿರುಗಿತು, ಕಳ್ಳ ಬಿದ್ದ. ಅಂದಿನಿಂದ ಅವನು ಕಿವಿ, ಇವಳು ಬೆರಳು. ಏಳು ತಿಂಗಳಲ್ಲಿ ಆ ಕಾಡಿನಲ್ಲಿ ಕಳ್ಳರ ಸಂತತಿಯೇ ನಾಶವಾಯಿತು. ಗಂಡನ ಮಾತು ಆಟದಿಂದ ಊಟಕ್ಕೆ, ಊಟದಿಂದ ಹಾಸಿಗೆಗೆ ಹರಿದುಬಂತು.

ಹೋದ ವಾರ ಆ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು, ಗಂಡ ಬಾಯಿ ಮುಚ್ಚಿದ. ಯಾವುದಾದರೂ ಒಂದು ತಗೊಂಡು ಹೆಡ್‌ಫೋನ್ ಹಾಕಿಕೊಳ್ಳಿ ಅತ್ತೆ ಎಂದು ಅಣ್ಣನ ಮಗ ಹೇಳಿದ. ಹೆಡ್‌ಫೋನ್ ಒಬ್ಬರ ತಲೆಯ ಕಾರುಬಾರು, ತಮಗೆ ಲ್ಯಾಪ್‌ಟಾಪಿನ ಮೈಯಲ್ಲೇ ಗಟ್ಟಿ ಸ್ಪೀಕರ್ ಬೇಕು ಎಂದು ಟೇಲರಮ್ಮ ಕಂಬಳಿಯನ್ನು ಸುರುಳಿ ಸುತ್ತಿಕೊಂಡು ಹೊರಟೇಬಿಟ್ಟಳು.

ಟೈ ಕಟ್ಟಿದ ಅಂಗಡಿಯವನು ಮೊಮ್ಮಗನಿಗಾ ಎಂದು ವಿಚಾರಿಸಿದ.

"ನಮಗೇ. ಇವರು ಕೇಳಿಸ್ಕೋತಾರೆ, ನಾನು ಹೊಡೀತೀನಿ" ಅಂದಳು ಟೇಲರಮ್ಮ. ಅಂಗಡಿಯವನು ಒಂದು ಹೆಜ್ಜೆ ಹಿಂದೆ ಸರಿದ.

ಮೊದಲ ಲ್ಯಾಪ್‌ಟಾಪಿನಲ್ಲಿ ಅವನು ಹಾಡು ಹಾಕಿದರೆ ಗಾಜಿನ ಕೌಂಟರು ಗಡಗಡ ನಡುಗಿತು. ಟೇಲರಮ್ಮ ಕಂಬಳಿ ಹಾಸಿ ಅದರ ಮೇಲಿಟ್ಟಳು. ಹಾಡುವವಳ ಬಾಯಿಗೆ ದಿಂಬು ತುರುಕಿದಂತಾಯಿತು. ಸ್ಪೀಕರ್ ಇದ್ದದ್ದು ಹೊಟ್ಟೆಯ ಕೆಳಗೆ. ಅದು ಅಲ್ಲಿಗೇ ಖಲಾಸ್.

ಎರಡನೆಯದರ ಸ್ಪೀಕರು ಕೀಬೋರ್ಡಿನ ಎರಡೂ ಮಗ್ಗುಲಲ್ಲಿ, ಮೇಲ್ಮುಖವಾಗಿ. ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆ ಧ್ವನಿಯದು ಇಲ್ಲವೆಂದು ಅವನು ಆಣೆ ಮಾಡಿದ. ಮತ್ತೆ ಹಾಡು ಹಾಕಲು ಹೋದಾಗ ಗಂಡ ವಾರದಲ್ಲಿ ಮೊದಲ ಸಲ ಉದ್ದದ ಮಾತಾಡಿದ: "ಹಾಡು ಬೇಡಪ್ಪ, ಆಟ ಹಾಕು. ನಿಂತ ಗಾಡಿ ಎಲ್ಲಾ ಚೆಂದವೇ. ದಿಬ್ಬ ಹತ್ತಿಸಿ ನೋಡ್ಬೇಕು."

ಆಟ ಶುರುವಾಯಿತು, ಒಳಗಿನ ಫ್ಯಾನು ಬುಸುಗುಟ್ಟಿತು. ಉಸಿರು ಸಲೀಸಾಗಿದೆ ಎಂದು ಗಂಡ ತಲೆದೂಗಿದ. ಅಂಗಡಿಯವನು ಬಲು ಮರ್ಯಾದೆಯಿಂದ ಎರಡು ಕುರ್ಚಿಗಳನ್ನು ಪಕ್ಕಪಕ್ಕ ಹಾಕಿ ಇಬ್ಬರನ್ನೂ ಪರದೆಯ ಮುಂದೆ ಕೂರಿಸಿದ. ಕಾಡು, ತರಗೆಲೆಯ ಸದ್ದು.

"ಎಡಗಡೆ" ಅಂದ ಗಂಡ. ಟೇಲರಮ್ಮ ಸರಕ್ಕನೆ ತಿರುಗಿದಳು, ಸತ್ತಳು. ಮತ್ತೆ ಶುರುಮಾಡಿದರು. ಬಲಗಡೆ ಅಂದ, ಮತ್ತೆ ಸತ್ತಳು. ಐದು ಸಲ ಆಡಿ ಐದು ಸಲವೂ ಸತ್ತಳು. ಸ್ಪೀಕರಿನ ವೈರು ಅದಲುಬದಲಾಗಿದೆ ಎಂದು ಅವಳು ಜಗಳಕ್ಕೆ ನಿಂತಳು. ಅಂಗಡಿಯವನು ಎಡಗಡೆಯದನ್ನು ಒಮ್ಮೆ, ಬಲಗಡೆಯದನ್ನು ಒಮ್ಮೆ ನುಡಿಸಿ ತೋರಿಸಿದ, ಎರಡೂ ಸರಿಯಾಗಿದ್ದವು. ಮೂರನೆಯ ಲ್ಯಾಪ್‌ಟಾಪ್ ತರಿಸಿದಳು. ಅದರ ಸ್ಪೀಕರು ಎರಡೂ ಪಕ್ಕೆಗಳಲ್ಲಿ, ಬಾಯಿ ಆಚೆ ಈಚೆ. ಅದರಲ್ಲೂ ಅದೇ ಹಣೆಬರಹ.

ಗಂಡ ಮೆಲ್ಲಗೆ ಎದ್ದು ನಿಂತ. "ಬಾರೇ ಹೋಗೋಣ. ಮೊದಲು ಕಣ್ಣಾಯ್ತು, ಈಗ ಕಿವೀನೂ ಹೋಯ್ತು ನೋಡು."

ಟೇಲರಮ್ಮ ಒಪ್ಪಲಿಲ್ಲ. ಸಾವಿರ ಲಾರಿಗಳನ್ನು ಬದುಕಿಸಿದ ಕಿವಿ ಒಂದೇ ವಾರದಲ್ಲಿ ಕೆಡುವುದುಂಟೇ? ಅವಳು ತನ್ನ ಕೈಗಳನ್ನೇ ನೋಡಿದಳು. ಅವನು ಎಡ ಅಂದಾಗ ಈ ಬೆರಳು ಒತ್ತಿದ್ದು ಯಾವ ಕಡೆಗೆ? ಬಲಕ್ಕೆ. ಬಲ ಅಂದಾಗ? ಎಡಕ್ಕೆ. ಅದ್ಯಾಕೆ?

ಉತ್ತರ ಹೊಳೆದಾಗ ಅವಳಿಗೆ ನಗು ಬಂತು. ಮೂವತ್ತೈದು ವರ್ಷದಿಂದ ಗಿರಾಕಿಗಳನ್ನು ಎದುರಿಗೆ ನಿಲ್ಲಿಸಿ ಅಳತೆ ತೆಗೆದವಳು ಅವಳು. ಎದುರು ನಿಂತವರ ಎಡತೋಳು ಇರುವುದು ಅವಳ ಬಲಕ್ಕೆ. ಎಡತೋಳು ಬಿಗಿ ಎಂದು ಅವರು ಬಾಯಿ ತೆರೆಯುವ ಮೊದಲೇ ಟೇಪು ಅವಳ ಬಲಕ್ಕೆ ಓಡಿರುತ್ತದೆ. ಮನೆಯಲ್ಲೂ ಗಂಡ ಕೂರುವುದು ಮೇಜಿನ ಆಚೆ, ಅವಳಿಗೆ ಎದುರಾಗಿ, ಥೇಟ್ ಗಿರಾಕಿಯ ಹಾಗೆ. ಅವನ ಬಲ ಇವಳ ಎಡ. ಏಳು ತಿಂಗಳು ಅವನು ಹೇಳಿದ್ದನ್ನೆಲ್ಲ ಅವಳ ಕೈ ಅವಳನ್ನೂ ಕೇಳದೆ ತಿರುವಿ ಹಾಕಿಕೊಂಡಿತ್ತು. ಇಲ್ಲಿ ಪಕ್ಕದಲ್ಲಿ ಕೂತರೂ ಅದು ತಿರುವುತ್ತಲೇ ಇತ್ತು.

"ರೀ, ನಿಮ್ಮ ಕಿವಿ ಸರಿಯಾಗೇ ಇದೆ. ತಪ್ಪಿದ್ದು ನನ್ನ ಕೈ."

"ಸಮಾಧಾನಕ್ಕೆ ಸುಳ್ಳು ಹೇಳ್ಬೇಡ."

ಗಂಡ ಬಾಯಿಮಾತಿಗೆ ಬಗ್ಗುವ ಜನ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಅಂಗಡಿಯವನನ್ನು ಅವನ ಜಾಗದಿಂದಲೇ ಎಬ್ಬಿಸಿ, ಗಂಡನನ್ನು ಕೌಂಟರಿನ ಒಳಗಡೆ, ತನಗೆ ಎದುರಾಗಿ ಕೂರಿಸಿದಳು. ಅಂಗಡಿಯವನು ಆಣೆ ಮಾಡಿ ಹೊಗಳಿದ್ದ ಎರಡನೆಯ ಲ್ಯಾಪ್‌ಟಾಪನ್ನೇ ಮೊದಲು ಇಟ್ಟಳು. ಗಂಡ ಕಿವಿ ಚಾಚಿದ, ಹುಬ್ಬು ಗಂಟಿಕ್ಕಿದ. ಬಾಗಿಲ ಹಿಂದೆ ನಿಂತು ಯಾರೋ ಪಿಸುಗುಟ್ಟಿದ ಹಾಗಿದೆ, ದಿಕ್ಕೇ ತಿಳಿಯುತ್ತಿಲ್ಲ ಅಂದ. ಅವನ ಮುಖ ಇನ್ನೂ ಇಳಿಯಿತು. ಟೇಲರಮ್ಮ ಬಗ್ಗಿ ನೋಡಿದಳು. ಕೀಬೋರ್ಡಿನ ಮೇಲಿಂದ ಏಳುವ ಸದ್ದಿಗೂ ಅವನಿಗೂ ನಡುವೆ ಪರದೆ ಗೋಡೆಯಂತೆ ನಿಂತಿತ್ತು.

ಅದನ್ನು ಸರಿಸಿ ಪಕ್ಕೆಯಲ್ಲಿ ಸ್ಪೀಕರ್ ಇದ್ದ ಮೂರನೆಯದನ್ನು ಕಂಬಳಿಯ ಮೇಲಿಟ್ಟಳು. ಮತ್ತೆ ಕಾಡು, ಮತ್ತೆ ತರಗೆಲೆ. ಗಂಡ ಉಸಿರು ಹಿಡಿದ. ಅವಳೂ ಹಿಡಿದಳು.

"ಬಲಗಡೆ" ಅಂದ. "ಇಬ್ಬರು. ಒಬ್ಬ ಕುಂಟ್ತಿದಾನೆ, ಅವನನ್ನ ಆಮೇಲೆ ನೋಡ್ಕೊ."

ಅವಳ ಕೈ ಎಡಕ್ಕೆ ಹಾರಿತು. ಒಬ್ಬ ಬಿದ್ದ. ಕುಂಟುತ್ತಿದ್ದವನು ಓಡಲು ನೋಡಿದ, ಅವನೂ ಬಿದ್ದ. ಹಿಂದೆ ಮರದ ಮರೆಯಲ್ಲಿ ಇನ್ನೊಬ್ಬ ಕೆಮ್ಮಿದ, ಕೆಮ್ಮು ಮುಗಿಯಲಿಲ್ಲ.

ಅಂಗಡಿಯವನಿಗೆ ಸಂಕಟ. ಧ್ವನಿಯಲ್ಲಿ ಎರಡನೆಯದೇ ಮೇಲು, ಯಜಮಾನರು ಪಕ್ಕದಲ್ಲಿ ಕೂತರೆ ಮುಗಿಯಿತಲ್ಲ, ಎಡಬಲವನ್ನು ನೀವು ನಾಲ್ಕು ದಿನದಲ್ಲಿ ತಿದ್ದಿಕೊಳ್ಳುತ್ತೀರಿ ಎಂದು ತಿಳಿಹೇಳಿದ.

"ಪಕ್ಕದಲ್ಲಿ ಕೂತ್ರೆ ಅವರ ಮುಖ ಕಾಣಲ್ಲಪ್ಪ ನನಗೆ" ಅಂದಳು ಟೇಲರಮ್ಮ. "ಇದೇ ಕಟ್ಟಿಕೊಡು."

ಅವನು ಪೆಟ್ಟಿಗೆ ತರಲು ಒಳಗೆ ಹೋದ. ಅಷ್ಟರಲ್ಲಿ ಯಾರೋ ಇಬ್ಬರು ಗಿರಾಕಿಗಳು ಬಂದು, ಕೌಂಟರಿನೊಳಗೆ ಕೂತವನೇ ಮಾಲೀಕನೆಂದು ತಿಳಿದು ಯಾವುದು ಒಳ್ಳೆಯದೆಂದು ಕೇಳಿದರು. ಗಂಡ ಎರಡನೆಯ ಲ್ಯಾಪ್‌ಟಾಪಿಗೆ ಕಿವಿ ಒತ್ತಿ, ಫ್ಯಾನಿನ ಉಸಿರಿನಿಂದ ಶುರುಮಾಡಿ ಗೇರುಬಾಕ್ಸಿನವರೆಗೆ ವಿವರಿಸತೊಡಗಿದ. ಲ್ಯಾಪ್‌ಟಾಪಿಗೆ ಗೇರುಬಾಕ್ಸು ಇಲ್ಲವೆಂದು ಹೇಳುವ ಧೈರ್ಯ ಅವರಿಬ್ಬರಿಗೂ ಬರಲಿಲ್ಲ. ಅಂಗಡಿಯವನು ಪೆಟ್ಟಿಗೆ ಹಿಡಿದು ಬಂದಾಗ ಎಂಟು ಜನ ಸುತ್ತ ನಿಂತು ಕೇಳುತ್ತಿದ್ದರು, ಮೂವರು ಖರೀದಿಗೆ ಒಪ್ಪಿಯೂ ಆಗಿತ್ತು. ಗಂಡನನ್ನು ಎಬ್ಬಿಸಿ ಎಂದು ಅವನು ಸನ್ನೆ ಮಾಡಿದ. ಟೇಲರಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಇನ್ನಷ್ಟು ಒರಗಿ ಕೂತಳು.