ಅತ್ತೆ ಕೊಟ್ಟ ಸೀಸೆ

ಸರ್ಕಾರ ಏನು ಹೇಳಿದರೂ ಅದರ ಹಿಂದೆ ಏನೋ ಹುನ್ನಾರ ಇದೆ ಎಂಬ ಗುಮಾನಿ ನಮ್ಮತ್ತೆ ದೇವಿರಮ್ಮನವರಿಗೆ. ಸಿಡುಬಿಗೆ ದೇವಿ ಹಾಕುವ ಲಸಿಕೆಯವರು ಬೀದಿಗೆ ಬಂದರೆ ಮಕ್ಕಳನ್ನೆಲ್ಲ ಅಟ್ಟ ಹತ್ತಿಸಿ ಏಣಿ ತೆಗೆದುಬಿಡುತ್ತಿದ್ದರಂತೆ. ಗೋಡೆಗೆ ಡಿ.ಡಿ.ಟಿ. ಹೊಡೆಯಲು ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, "ನಮ್ಮನೆ ಸೊಳ್ಳೆ ನಾವು ನೋಡ್ಕೋತೀವಿ, ನೀವು ಒಂಟೋಗಿ" ಎಂದು ಕಳಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಂಥವರು ಐವತ್ತೆಂಟನೇ ಇಸವಿಯಲ್ಲಿ ನನ್ನ ಹೆರಿಗೆಗೆ ಆಸ್ಪತ್ರೆಗೆ ಒಪ್ಪಿದರೆಂದರೆ ಅದಕ್ಕೆ ಆಸ್ಪತ್ರೆಯ ಮೇಲಿನ ಪ್ರೀತಿ ಕಾರಣವಲ್ಲ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ನನಗೆ ತವರಿರಲಿಲ್ಲ.

ನನ್ನ ತಾಯಿ ನಾನು ಮಾತು ಕಲಿಯುವ ಮೊದಲೇ ಹೋದಳು. ಅಪ್ಪ ನನ್ನ ಮದುವೆ ಮಾಡಿ, ಅದಕ್ಕೇ ಕಾದಿದ್ದವರ ಹಾಗೆ ಮರುವರ್ಷ ಕಣ್ಣು ಮುಚ್ಚಿದರು. ಅಣ್ಣತಮ್ಮಂದಿರಿಲ್ಲ. "ಬೀಗಿತಿ ಇಲ್ಲದ ಮನೆಯಿಂದ ಹೆಣ್ಣು ತಂದೆ. ನಾನು ಯಾರ ಕೂಡೆ ಜಗಳ ಆಡ್ಲಿ?" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಆ ಜಗಳದ ಪಾಲೂ ಸೇರಿ ನನಗೇ ಬರುತ್ತಿತ್ತು. ಮದುವೆಯಾಗಿ ಮೂರು ವರ್ಷವಾದರೂ ನನ್ನ ಹೆಸರು ವಸಂತ ಎಂಬುದು ಅವರ ಬಾಯಲ್ಲಿ ಬಂದಿರಲಿಲ್ಲ. "ಏ ಇವಳೇ" ಅಂದರೆ ನಾನು.

ಕೆಟ್ಟವರೇ ಎಂದು ಕೇಳಿದರೆ ಅಲ್ಲವೇ ಅಲ್ಲ. ಹೊಟ್ಟೆಗೆ ಕಡಿಮೆ ಮಾಡಿದವರಲ್ಲ, ಕೈ ಎತ್ತಿದವರಲ್ಲ. ಆದರೆ ತಾಯಿಯಿಲ್ಲದೆ ಬೆಳೆದವಳಿಗೆ ಒಂದು ಹುಚ್ಚು ಆಸೆ ಇರುತ್ತದೆ. ಅತ್ತೆಯಾದರೂ ಒಂದು ದಿನ ನಮ್ಮ ಕಡೆಯವರು ಹೆಣ್ಣುಮಕ್ಕಳನ್ನೂ ಮುದ್ದಿಗೆ ಕರೆಯುವ ಹಾಗೆ "ಬಾ ಮಗಾ" ಎಂದಾರು ಎಂದು ನಾನು ಕಾಯುತ್ತಿದ್ದೆ. ಅದು ನನಗೆ ಚಿನ್ನದ ಬಳೆಗಿಂತ ಹೆಚ್ಚಾಗಿತ್ತು.

ಮಗು ಹುಟ್ಟಿತು, ಹೆಣ್ಣು, ಚೆನ್ನಾಗಿತ್ತು. ನನಗೆ ಮಾತ್ರ ರಕ್ತಸ್ರಾವ ನಿಲ್ಲಲಿಲ್ಲ. ಕೈಕಾಲು ತಣ್ಣಗಾಗಿ, ಕಣ್ಣಿಗೆ ಮಂಜು ಕವಿದು, ಕಿವಿ ಮಾತ್ರ ಕೆಲಸ ಮಾಡುತ್ತಿತ್ತು. ಮಂಚದ ಸುತ್ತ ಬಟ್ಟೆಯ ಪರದೆ ಎಳೆದಿದ್ದರು. ಆಚೆ ನಮ್ಮ ಮನೆಯವರೆಲ್ಲ ನಿಂತಿದ್ದರು.

"ಒಂದು ಸೀಸೆ ರಕ್ತ ಏರಿಸಲೇಬೇಕು" ಎಂದರು ಡಾಕ್ಟರ್ ಪ್ರೇಮಲೀಲಾ. "ಮನೆಯವರು ಯಾರಾದರೊಬ್ಬರು ಒಂದು ಸೀಸೆ ಕೊಡಿ. ಈಗ ಹಾಗೇ ನಿಯಮ ಆಗಿದೆ."

ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ನಮ್ಮ ಮಾವ ಚಿಕ್ಕಣ್ಣನವರಿಗೆ ನಿಯಮ ಎಂದರೆ ಮೊದಲು ವಾದ, ಆಮೇಲೆ ಮಿಕ್ಕದ್ದು. "ಗೌರ್ಮೆಂಟ್ ಆಸ್ಪತ್ರೆ ಅಂದ್ಮೇಲೆ ಗೌರ್ಮೆಂಟೇ ಕೊಡಬೇಕಲ್ವಾ ಡಾಕ್ಟ್ರಮ್ಮ? ನಾವು ಕಂದಾಯ ಕಟ್ಟಲ್ವಾ?"

"ಸರ್ಕಾರದ ಮೈಯಲ್ಲಿ ರಕ್ತ ಇಲ್ಲ ಯಜಮಾನ್ರೇ. ನಿಮ್ಮ ಮೈಯಲ್ಲಿದೆ."

ಮಾವ ತಡವರಿಸಿದರು. "ಗೇಟಿನ ತಾವ ಒಬ್ಬ ಕೂತವ್ನೆ. ಕಾಸು ಕೊಟ್ರೆ ಕೊಡ್ತಾನಂತೆ."

"ಅವನ ಕಣ್ಣು ನೋಡಿದ್ದೀರಾ? ಸುಣ್ಣದ ಹಾಗೆ ಬೆಳ್ಳಗಾಗಿದೆ. ಹೋದ ವಾರ ತಾನೆ ಕೊಟ್ಟಿದ್ದಾನೆ. ಇವತ್ತು ಇನ್ನೊಂದು ಸಲ ತೆಗೆದರೆ ನಾಳೆ ಅವನಿಗೇ ಹಾಸಿಗೆ ಹಾಕಬೇಕು. ಹಾಗೆ ಕೊಳ್ಳೋದು ಬೇಡ ಅಂತಲೇ ನಿಯಮ ಮಾಡಿರೋದು. ಬೇಗ ಹೇಳಿ."

ಆಗ ನಮ್ಮ ಯಜಮಾನರ ದನಿ ಕೇಳಿಸಿತು. ಮನೆಯಲ್ಲಿ ಉಪ್ಪು ಕಡಿಮೆ ಎಂದು ಹೇಳಲೂ ಅವ್ವನ ಮುಖ ನೋಡುವ ಮನುಷ್ಯ ಅಂದು ಯಾರ ಮುಖವನ್ನೂ ನೋಡದೆ, "ನನ್ನದು ತಗೊಳ್ಳಿ" ಎಂದರು. ಅಷ್ಟು ಕೇಳಿ ನಾನು ಸತ್ತರೂ ಪರವಾಗಿಲ್ಲ ಅನ್ನಿಸಿತು.

"ತೆಗಿ ಕೈಯ!" ಅತ್ತೆ ಗುಡುಗಿದರು. "ನಿನ್ ರಕ್ತ ಅವಳ ಮೈಗೆ ಸೇರಿದ್ರೆ ಅವಳು ನಿಂಗೆ ಒಡಹುಟ್ಟಿದವಳು ಆಗೋದ್ಲು. ಆಮೇಲೆ ತಂಗಿ ಕೂಡೆ ಸಂಸಾರ ಎಂಗ್ಲಾ ಮಾಡೀಯೆ, ಮಾದೇವ?"

ಅಕ್ಕಪಕ್ಕದ ಮಂಚದವರು "ಅದೂ ದಿಟವೇ" ಎಂದು ಗುಸುಗುಟ್ಟಿದರು. ನಗಬೇಕೆನಿಸಿತು, ನಗಲು ನನ್ನಲ್ಲಿ ಶಕ್ತಿಯಿರಲಿಲ್ಲ.

"ಅಲ್ಲಮ್ಮ, ನಿಮ್ಮಲ್ಲಿ ಸೋದರಮಾವನ ಮಗಳನ್ನ ಮದುವೆ ಆಗ್ತೀರಿ. ಆಗ ರಕ್ತ ಅಡ್ಡ ಬರಲ್ವಾ?" ಎಂದರು ಡಾಕ್ಟರು.

"ಅದು ಬ್ಯಾರೆ ಕಣ್ರವ್ವ. ಅದು ಮೊದ್ಲಿಂದ್ಲೂ ನಡ್ಕಂಡು ಬಂದದ್ದು."

ಡಾಕ್ಟರು ಉಸಿರು ಬಿಟ್ಟಿದ್ದು ಪರದೆಯೊಳಗೆ ಕೇಳಿಸಿತು. "ಸರಿ. ಹಾಗಾದರೆ ಇವಳ ತವರಿನವರನ್ನ ಕರೀರಿ. ತಾಯಿ ಎಲ್ಲಿ?"

ಆ ಪ್ರಶ್ನೆ ನನಗೆ ಹೊಸದೇನಲ್ಲ. ಶಾಲೆಗೆ ಸೇರಿಸುವಾಗ, ಮದುವೆಯಲ್ಲಿ ಮಡಿಲು ತುಂಬುವಾಗ, ಎಲ್ಲೆಲ್ಲೂ ಯಾರಾದರೊಬ್ಬರು ಕೇಳುತ್ತಲೇ ಇದ್ದರು. ಅಂದು ಮಾತ್ರ ಆ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನಾನೇ ಇರುವುದಿಲ್ಲ ಎಂದು ತಿಳಿದು, ಮೊದಲ ಸಲ ನನಗೆ ನಿಜವಾಗಿ ಭಯವಾಯಿತು.

"ನಂದು ತಗೊಳ್ಳಿ" ಎಂದರು ಅತ್ತೆ.

"ಲೇ, ನಿಂಗೇನು ತಲೆ ಕೆಟ್ಟದಾ?" ಮಾವ ಗಾಬರಿಯಾದರು.

"ಸುಮ್ಕಿರಿ ನೀವು. ಅವಳಿಗೆ ಯಾರೂ ಇಲ್ಲ. ಮಗಳಾಯ್ತಾಳೆ, ಆಗ್ಲಿ ಬುಡಿ. ಎಲ್ಲಿ ಚುಚ್ಚಬೇಕು, ತೋರಿಸ್ರವ್ವ."

ಸೊಸೆ ಮಗಳಾದರೆ ಮಗನಿಗೆ ತಂಗಿಯೇ ಆಗಲಿಲ್ಲವೇ ಎಂಬುದು ಆ ಹೊತ್ತಿನಲ್ಲಿ ನಮ್ಮವರು ಯಾರಿಗೂ ಹೊಳೆಯಲಿಲ್ಲ. ಡಾಕ್ಟರಿಗೆ ಹೊಳೆದಿರಬೇಕು. "ಅಲ್ಲ, ಹಾಗಾದರೆ..." ಎಂದವರು ಅಲ್ಲಿಗೇ ಬಾಯಿ ಮುಚ್ಚಿಕೊಂಡು, ಅತ್ತೆಯನ್ನು ಕೈ ಹಿಡಿದು ಕರೆದುಕೊಂಡು ಹೋದರು. ಬುದ್ಧಿವಂತರು. ಸ್ವಲ್ಪ ಹೊತ್ತಿಗೆ ನನ್ನ ಮಂಚದ ಪಕ್ಕದ ಕಂಬಿಗೆ ಕೆಂಪು ಸೀಸೆ ತೂಗಿತು. ಕೈಗೆ ಸೂಜಿ ಚುಚ್ಚಿದರು. ಮೈ ನಿಧಾನವಾಗಿ ಬೆಚ್ಚಗಾಯಿತು.

ಕಣ್ಣಿನ ಮಂಜು ತಿಳಿಯಾದಾಗ ಅತ್ತೆ ಎದುರಿಗೆ ಸ್ಟೂಲಿನ ಮೇಲೆ ಕೂತು, ಸೂಜಿ ಚುಚ್ಚಿದ ತೋಳನ್ನು ಎಳೆಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡಿದ್ದರು. ಆಸ್ಪತ್ರೆಯವರು ಕೊಟ್ಟ ಕಾಫಿಯಲ್ಲಿ ಅರ್ಧ ಲೋಟ ನನಗೆಂದು ಉಳಿಸಿದ್ದರು. "ಎಂಗದೀಯೆ ಮಗಾ?" ಎಂದರು.

ನಾನು ಅತ್ತುಬಿಟ್ಟೆ. ಅವರು ನೋವೆಂದುಕೊಂಡರು.

ಅಲ್ಲಿಂದಾಚೆ ನನ್ನ ಬಾಳೇ ಬೇರೆಯಾಯಿತು. ಬಾಣಂತನವನ್ನು ಹೆತ್ತವಳೂ ಹಾಗೆ ಮಾಡಿರಲಾರಳು. ಮೈಗೆ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಹುಯ್ಯುವರು, ಮೆಣಸಿನ ಸಾರು ಕುಡಿಸುವರು, ಕಿವಿಗೆ ಬಟ್ಟೆ ಕಟ್ಟದೆ ಹಜಾರಕ್ಕೆ ಬಂದರೆ ಬೈಯುವರು. ಬೈಗುಳದ ಕೊನೆಗೊಂದು "ಮಗಾ" ಇದ್ದೇ ಇರುತ್ತಿತ್ತು. ಮಾವ ಏನಾದರೂ ಅಂದರೆ, "ಅವಳ ಮೈಯಾಗೆ ಓಡೋದು ನನ್ ರಕ್ತ, ಉಸಾರು" ಎನ್ನುವರು. ಬೀದಿಯ ನಲ್ಲಿಯ ಹತ್ತಿರ, ಗಿರಣಿಯಲ್ಲಿ, ದೇವರಾಜ ಮಾರುಕಟ್ಟೆಯ ಹೂವಿನವರ ಮುಂದೆ, ತಾನು ಸೊಸೆಯನ್ನು ಮಗಳು ಮಾಡಿಕೊಂಡ ಕಥೆಯನ್ನು ಅವರು ಹೇಳದ ಜಾಗವಿರಲಿಲ್ಲ.

ಯಡವಟ್ಟಾಗಿದ್ದು ಆ ಕಥೆಯಿಂದಲೇ. ಮಗುವಿಗೆ ಮೂರು ತಿಂಗಳು ತುಂಬಿದಾಗ ತೋರಿಸಲೆಂದು ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಜಗುಲಿಯಲ್ಲಿ ಸಾಲಾಗಿ ಕೂತಿದ್ದ ಹೆಂಗಸರಿಗೆ ಅತ್ತೆ ಶುರುಮಾಡಿಯೇಬಿಟ್ಟರು. "ಸೀದಾ ನನ್ ಮೈಯಿಂದ ಅವಳ ಮೈಗೆ ಕಣ್ರವ್ವ. ನಮ್ಮವರಿಗೆ ನಾವು ಕೊಡಬೇಕು. ಕಂಡವರಿಗೆಲ್ಲ ಯಾಕೆ ಕೊಡಾನ?" ಕೂತವರೆಲ್ಲ ತಲೆಯಾಡಿಸಿದರು. ಬಾಗಿಲಲ್ಲಿ ಡಾಕ್ಟರ್ ಪ್ರೇಮಲೀಲಾ ನಿಂತಿದ್ದರು.

"ದೇವಿರಮ್ಮನವರೇ, ನಿಮ್ಮಿಂದ ದೊಡ್ಡ ಉಪಕಾರವಾಗಿದೆ. ಆದರೆ ಈಗ ಮಂಡಿ ಮೊಹಲ್ಲಾದಿಂದ ಬರೋರೆಲ್ಲ, ನಮ್ಮ ರಕ್ತ ನಮ್ಮವರಿಗೇ ಕೊಡಿ, ಇಲ್ಲದಿದ್ದರೆ ಕೊಡಲ್ಲ ಅಂತಾರೆ. ಅದಕ್ಕೆ ನಿಜ ಹೇಳಿಬಿಡ್ತೀನಿ. ನಿಮ್ಮ ರಕ್ತ ನಿಮ್ಮ ಸೊಸೆಗೆ ಏರಿಸಲಿಲ್ಲ. ಅವಳಿಗೆ ಅದು ಹೊಂದುತ್ತಲೂ ಇರಲಿಲ್ಲ."

ಅತ್ತೆ ಕೂತಲ್ಲಿಂದ ಎದ್ದರು.

"ಅವಳಿಗೆ ಹೊಂದೋ ಸೀಸೆ ಒಂದೇ ಒಂದು ನಮ್ಮ ಹತ್ತಿರ ಇತ್ತು. ಯಾರೋ ಮುಂಚೆ ಕೊಟ್ಟು ಹೋಗಿದ್ದು. ನೀವು ವಾದ ಮಾಡ್ತಿರುವಾಗಲೇ ಅದನ್ನ ತರೋಕೆ ಕಳಿಸಿದ್ದೆ. ಕಾಯೋ ಹಾಗಿರಲಿಲ್ಲ. ನಿಮ್ಮದನ್ನ ತೆಗೆದು ಇಟ್ಟೆವು, ಆಮೇಲೆ ಅದು ಇನ್ನೊಬ್ಬರಿಗೆ ಹೋಯಿತು. ಇದು ನಡೆಯೋದೇ ಹಾಗೆ."

"ಯಾರಿಗೋಯ್ತು?"

"ಅದನ್ನ ಹೇಳೋ ಹಾಗಿಲ್ಲ ಅಮ್ಮ."

"ಇವಳಿಗೆ ಕೊಟ್ಟೋರು ಯಾರು?"

"ಅದನ್ನೂ ಹೇಳೋ ಹಾಗಿಲ್ಲ." ಡಾಕ್ಟರು ಅತ್ತೆಯ ಭುಜ ಮುಟ್ಟಿದರು. "ಇದನ್ನ ನಾನು ಹೇಳಿದರೆ ಯಾರೂ ಕೇಳಲ್ಲ. ನೀವು ಹೇಳಿ."

ಜಟಕಾದಲ್ಲಿ ಮನೆಗೆ ಬರುವಾಗ ಅತ್ತೆ ಬೀದಿಯನ್ನೇ ನೋಡುತ್ತ ಕೂತರು. ಮಗು ಅತ್ತರೆ ಎತ್ತಿಕೊಂಡರು, ನನ್ನ ಕಡೆ ತಿರುಗಲಿಲ್ಲ. ಅಂದು ಸಂಜೆ ಊಟಕ್ಕೆ ಕರೆಯುವಾಗ "ಮಗಾ" ಎನ್ನಲಿಲ್ಲ, "ಇವಳೇ" ಎಂದೂ ಅನ್ನಲಿಲ್ಲ. "ಉಣ್ಣಾಕೆ ಬರಬೌದು" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಒಳಗೆ ಹೋದರು.

ದಿನಗಳು ಹಾಗೇ ಕಳೆದವು. ನನಗೆ ಡಾಕ್ಟರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಜೀವ ಉಳಿಸಿದವರ ಮೇಲೆ ಸಿಟ್ಟು ಮಾಡಿಕೊಳ್ಳುವವಳು ಎಂಥ ಕೃತಘ್ನೆ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಆ ಡಾಕ್ಟರಮ್ಮ ಬಾಯಿ ಮುಚ್ಚಿಕೊಂಡಿದ್ದರೆ ನನಗೊಬ್ಬ ತಾಯಿ ಉಳಿಯುತ್ತಿದ್ದಳಲ್ಲ! ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಅತ್ತದ್ದಕ್ಕೆ ಲೆಕ್ಕವಿಲ್ಲ. ಯಜಮಾನರಿಗೆ ಹೇಳಿದರೆ, "ಅವ್ವ ಏನೋ ಯೋಚ್ನೆ ಮಾಡ್ತಾವ್ಳೆ, ಇರು" ಎಂದರು. ಅವ್ವನ ವಿಷಯದಲ್ಲಿ ಅವರಿಗೆ ತಿಳಿದ ಮದ್ದು ಅದೊಂದೇ.

ಗೌರಿ ಹಬ್ಬ ಬಂತು. ನಮ್ಮ ಬೀದಿಯಲ್ಲಿ ಯಾವ ಸೊಸೆಯ ತವರಿನಿಂದ ಬಾಗಿನ ಬಂತು, ಯಾರದು ಬರಲಿಲ್ಲ ಎಂದು ನೋಡುವುದೇ ಹೆಂಗಸರಿಗೆ ಅರ್ಧ ಹಬ್ಬ. ಹಿಂದಿನ ವರ್ಷಗಳಲ್ಲಿ ಆ ಹೊತ್ತಿಗೆ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುವ ಕೆಲಸ ಇಟ್ಟುಕೊಳ್ಳುತ್ತಿದ್ದೆ. ಈ ಸಲವೂ ಅಲ್ಲಿಗೇ ಹೊರಟಿದ್ದೆ. ಮುಂಬಾಗಿಲಲ್ಲಿ ಮಾವನ ಗೊಣಗಾಟ ಕೇಳಿ ಹಿಂತಿರುಗಿ ನೋಡಿದರೆ, ಅವರು ತಲೆಯ ಮೇಲೆ ಅರಿಶಿನ ಬಳಿದ ಮೊರ ಹೊತ್ತುಕೊಂಡು ಬೆವರುತ್ತ ಬೀದಿಯಿಂದ ಒಳಗೆ ಬರುತ್ತಿದ್ದರು.

"ಇತ್ಲ ಬಾಗ್ಲಿಂದ ತಕೊಂಡೋಗಿ ಬೀದಿ ಸುತ್ತಿ ಮುಂದ್ಲಿಂದ ಬಂದೆ. ಜನ ನಗ್ತಾವ್ರೆ ಕಣೆ."

"ನಗ್ಲಿ. ತವರಿನ ಬಾಗಿನ ಆಚೆಯಿಂದ ಬರಬೇಕು. ಒಳ್ಗಡೇಲಿ ಕೊಡಾಕೆ ಅದೇನು ಉಪ್ಪಿನಕಾಯಾ?" ಅತ್ತೆ ಹೊಸ್ತಿಲಲ್ಲಿ ನಿಂತು ಮೊರ ಇಳಿಸಿಕೊಂಡರು. ಅಕ್ಕಿ, ಬೇಳೆ, ನಮ್ಮದೇ ಅಂಗಡಿಯ ಅಚ್ಚುಬೆಲ್ಲ, ಹಸಿರು ಬಳೆ, ರವಿಕೆ ಕಣ.

ಕುಂಕುಮಕ್ಕೆ ಬಂದಿದ್ದ ಎದುರುಮನೆಯ ಸುಮಿತ್ರಮ್ಮ ಇಂಥ ಸಮಯ ಬಿಡುವವರಲ್ಲ. ಆಸ್ಪತ್ರೆಯ ಜಗುಲಿಯ ಸುದ್ದಿ ಅವರ ಕಿವಿಗೂ ತಲುಪಿತ್ತು. "ಅಲ್ಲ ಕಣ್ ದೇವಿರಮ್ಮ, ನಿನ್ನ ರಕ್ತ ಅಲ್ಲವಂತಲ್ಲ ಅವಳ ಮೈಲಿ? ಯಾರಿಗೋ ಓಯ್ತಂತೆ. ಮತ್ತೆ ಬಾಗಿನ ಯಾತಕ್ಕೆ?"

ಕೂತಿದ್ದ ಹೆಂಗಸರೆಲ್ಲ ಬಳೆ ಸದ್ದೂ ಮಾಡದೆ ಕಿವಿಯಾದರು.

"ಊಂ, ಅಲ್ಲ" ಎಂದರು ಅತ್ತೆ. "ನಾನೂ ಸುಮಾರು ದಿನ ಅದನ್ನೇ ಯೋಚ್ನೆ ಮಾಡ್ದೆ. ಅವಳು ಯಾರ ಮಗಳೋ ಎತ್ಲಾಗೋ, ನಾನೇನು ಬಾಗಿನ ಕೊಡೋದು ಅಂತ. ಆಮ್ಯಾಕೆ ತಿಳೀತು ಕಣವ್ವ. ಕೇಳ್ಕಳ್ಳಿ ಎಲ್ಲಾರೂವೆ, ಡಾಕ್ಟ್ರಮ್ಮ ನಿಮಗೆ ಯೋಳು ಅಂದವ್ರೆ. ನಮ್ಮದು ನಮ್ಮವರಿಗೇ ಓಗಬೇಕು ಅಂತ ಆ ಪುಣ್ಯಾತ್ಮರು ಯಾರೋ ಅಟ ಇಡಿದಿದ್ರೆ, ಆವತ್ತು ಇವಳಿಗೆ ಸೀಸೆ ಎಲ್ಲಿರೋದು? ನಂದು ಯಾರ ಮಗಳಿಗೋ ಓಯ್ತು. ಯಾರದೋ ನನ್ ಮಗಳಿಗೆ ಬಂತು. ಅಷ್ಟೇಯ."

"ನನ್ ಮಗಳಿಗೆ" ಅಂದವರಿಗೆ ತಾವು ಏನಂದೆವೆಂಬ ಪರಿವೆಯೂ ಇರಲಿಲ್ಲ. ಅಷ್ಟರಲ್ಲಿ ಮಗನ ಕಡೆ ತಿರುಗಿ, "ಮಾದೇವ, ಗೌರಿ ಅಬ್ಬ ಕಳೀಲಿ, ನೀನೂ ಓಗಿ ಒಂದು ಸೀಸೆ ಕೊಟ್ಬುಟ್ಟು ಬಾ. ಯಾರಿಗೋ ಓಯ್ತದೆ ಅಂದ್ಮೇಲೆ ಎಂಡ್ತಿ ತಂಗಿ ಆಗೋ ಪೀಕಲಾಟ ಇಲ್ಲ" ಎಂದರು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಯಜಮಾನರ ಕಿವಿ ಕೆಂಪಾಯಿತು.

ನಾನು ಮಾತ್ರ ನಗಲಿಲ್ಲ. ಆ ಸೀಸೆ ಕೊಟ್ಟ ಗುರುತಿಲ್ಲದ ಜೀವಕ್ಕೂ, ಕಾಯದೆ ಅದನ್ನು ತರಿಸಿದ ಡಾಕ್ಟರಿಗೂ ಮನಸ್ಸಿನಲ್ಲೇ ಕೈಮುಗಿದು ಮುಂದೆ ಬಂದೆ. ಸೆರಗು ಒಡ್ಡಿದೆ. ಒಂದು ಅಂಚು ಕೈಯಿಂದ ಜಾರಿತು.

"ನೆಟ್ಟಗೆ ಇಡ್ಕೋ, ಅಕ್ಕಿ ಚೆಲ್ಲೀಯೆ ಮಗಾ" ಎಂದು ನಮ್ಮವ್ವ ಬೈದರು.