ವರ್ನನ್ ಎಳೆದ ಪಟ್ಟೆಗಳು

ಒಹಾಯೋದ ಹಿಮ ಕರಗಿದಾಗ ಓರ್ಫಾಳ ಅಂಗಳದ ಹುಲ್ಲು ಹಸಿರು, ಹಳದಿ ಪಟ್ಟೆಪಟ್ಟೆಯಾಗಿ ಎದ್ದಿತು. ಪಟ್ಟೆಗಳು ಬೇಲಿಯ ಬಳಿ ವಾಲಿ, ಅಂಗಳದ ನಡುವೆಯೇ ನಿಂತುಹೋಗಿದ್ದವು.

ಪ್ರತಿ ವಸಂತದಲ್ಲೂ ಹುಲ್ಲಿನ ಆರೈಕೆಗೆ ಬರುವ ಡೆಲ್ಬರ್ಟ್ ನಕ್ಕ. "ಗೊಬ್ಬರ ಉದುರಿಸೋ ಕೈಗಾಡಿ ತಳ್ಳಿದೋರು ಕುಡಿದಿದ್ರಾ, ಅಮ್ಮಾ? ಇರಲಿ, ಗೊಬ್ಬರ ಬೀಳದ ಹಳದಿ ಕಡೆ ಒಂದು ಸುತ್ತು ಹಾಕಿದ್ರೆ ಎಲ್ಲಾ ಒಂದೇ ಬಣ್ಣ."

"ತಳ್ಳಿದ್ದು ವರ್ನನ್. ನವೆಂಬರಿನಲ್ಲಿ. ಬೇಡ ಅಂದ್ರೂ ಕೇಳ್ಲಿಲ್ಲ."

ಪಟ್ಟೆ ನಿಂತಲ್ಲೇ ಗಂಡ ಕುಸಿದದ್ದನ್ನು ಅವಳು ಹೇಳಿದಳು. ಆಸ್ಪತ್ರೆಯಿಂದ ಅವನು ಮರಳಲಿಲ್ಲ.

"ಈ ವರ್ಷ ಹಾಗೇ ಬಿಡಪ್ಪ," ಎಂದಳು ಓರ್ಫಾ.

"ಅಕ್ಕಪಕ್ಕದೋರು ಕೇಳಿದ್ರೆ?"

"ಕುಡಿದಿದ್ರು ಅಂತ್ಲೇ ಹೇಳು. ಜನ್ಮದಲ್ಲಿ ಮುಟ್ಟಿದವರಲ್ಲ, ಕೇಳಿದ್ರೆ ಅವರೂ ನಗ್ತಿದ್ರು."

ಡೆಲ್ಬರ್ಟ್ ಗೊಬ್ಬರದ ಮೂಟೆಯನ್ನು ವ್ಯಾನಿಗೆ ಮರಳಿಸಿದ. ಹುಲ್ಲಿಗೆ ಔಷಧಿ ಹೊಡೆದ ಮೇಲೆ ನೆಡುವ 'ಕಾಲಿಡಬೇಡಿ' ಎಂಬ ಪುಟ್ಟ ಬಾವುಟವನ್ನು, ಏನೂ ಹೊಡೆಯದೆಯೇ, ಪಟ್ಟೆ ನಿಂತ ಜಾಗದಲ್ಲಿ ನೆಟ್ಟು ಹೋದ.