ಎರವಲು ದೀಪ

ಒಂದು ಸಣ್ಣ ಚಿಂತೆ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಹೇಳಿಕೊಳ್ಳಲು ನಾಚಿಕೆ. ಇಷ್ಟು ವರ್ಷ ಉರಿದಿದ್ದೇನಲ್ಲ, ನನ್ನನ್ನು ನೋಡಿ ಬ್ರೇಕು ಹಾಕಿ ಬದುಕಿಕೊಂಡವರು ಒಬ್ಬರಾದರೂ ಇದ್ದಾರೆಯೇ? ನನಗೆ ತಿಳಿದಂತೆ ಇಲ್ಲ.

ನಾನು ಒಂದು ಮಂಜು ದೀಪ. ನೀವು ಫಾಗ್ ಲೈಟ್ ಎನ್ನುತ್ತೀರಿ. ಗಾಡಿಯ ಹಿಂದುಗಡೆ, ಬಂಪರಿನ ಮೂಲೆಯಲ್ಲಿ, ಮೊಣಕಾಲೆತ್ತರದಲ್ಲಿ ಕೂರುವ ಅಂಗೈಯಗಲದ ಕೆಂಪು ದೀಪ. ದಾರಿ ತೋರಿಸುವ ಕೆಲಸ ಮುಂದಿನ ದೀಪಗಳದ್ದು. ದಟ್ಟ ಮಂಜಿನಲ್ಲಿ ಹಿಂದೆ ಬರುವವರಿಗೆ 'ಇಲ್ಲೊಂದು ಗಾಡಿ ಇದೆ, ನಿಧಾನ' ಎಂದು ಹೇಳುವುದಷ್ಟೇ ನನ್ನ ಪಾಲು. ಕಾರ್ಖಾನೆಯಲ್ಲಿ ನನ್ನನ್ನು ನೀರಿನಲ್ಲಿ ಮುಳುಗಿಸಿದರು, ಗಡಗಡ ಅಲುಗಾಡಿಸಿದರು, ಕತ್ತಲೆ ಕೋಣೆಯಲ್ಲಿಟ್ಟು ನನ್ನ ಬೆಳಕನ್ನು ಅಳೆದರು. ಪಾಸಾದೆ. ಬೆನ್ನಿನ ಮೇಲೆ ಪುಟ್ಟ ಅಕ್ಷರಗಳಲ್ಲಿ ಒಂದು ಸಂಖ್ಯೆ ಒತ್ತಿದರು. ಅಷ್ಟು ಹೆಮ್ಮೆ ಮತ್ತೆ ಯಾವತ್ತೂ ಆಗಲಿಲ್ಲ.

ನನ್ನ ಮೊದಲ ಯಜಮಾನರು ಬ್ಯಾಂಕಿನ ಮ್ಯಾನೇಜರು, ವಾಸುದೇವ ಆಚಾರ್ ಅಂತ. ಕಾರು ಕೊಂಡ ದಿನವೇ ಯಾವುದೋ ಗುಂಡಿ ಒತ್ತಿದರು, ನಾನು ಹೊತ್ತಿಕೊಂಡೆ. ಅಂದಿನಿಂದ ಹೆಡ್‌ಲೈಟ್ ಹಾಕಿದಾಗಲೆಲ್ಲ ನಾನೂ ಉರಿಯಬೇಕು. ಮಂಜಿಲ್ಲ, ಮೋಡವಿಲ್ಲ, ತಿಳಿ ಸಂಜೆ.

"ರೀ, ಸ್ಟೇರಿಂಗ್ ಹತ್ರ ಅದೇನೋ ಗುರುತು ಉರೀತಾನೇ ಇರುತ್ತಲ್ಲ?" ಎಂದರು ಅವರ ಹೆಂಡತಿ.

"ಇರ್ಲಿ ಬಿಡೇ. ಹಿಂದಿನಿಂದ ನೋಡೋರಿಗೆ ಲಕ್ಷಣವಾಗಿ ಕಾಣುತ್ತೆ."

ಹಿಂದಿನಿಂದ ನೋಡುವವರ ಗತಿ ನನಗೆ ಗೊತ್ತು. ಅವರೆಲ್ಲ ಕಣ್ಣು ಕಿರಿದು ಮಾಡಿಕೊಂಡು, ಕೈ ಅಡ್ಡ ಹಿಡಿದುಕೊಂಡು ಬರುತ್ತಿದ್ದರು. ಒಬ್ಬ ಬೈಕಿನವನಂತೂ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು, "ಯಾವೋನಯ್ಯಾ ಅವ್ನು, ಕಣ್ಣಿಗೆ ಕೆಂಡ ಹಿಡಿಯೋನು!" ಎಂದು ಉಗಿದ. ಕಿಟಕಿ ಮುಚ್ಚಿತ್ತು. ಯಜಮಾನರು ಹಾಡು ಕೇಳುತ್ತಿದ್ದರು. ಬೈಗುಳವೆಲ್ಲ ನನ್ನ ಪಾಲಿಗೆ.

ಕೊನೆಗೊಂದು ಬೆಳಗ್ಗೆ ಹೈವೇಯಲ್ಲಿ ನಿಜವಾದ ಮಂಜು ಬಿತ್ತು. ಹುಟ್ಟಿದ್ದೇ ಇದಕ್ಕೆ ಅಂದುಕೊಂಡೆ. ಆಚಾರ್ ಅವರು ಗಾಬರಿಯಾಗಿ ಕೈಗೆ ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತಿದರು. ದಿನಾ ಉರಿಯುತ್ತಿದ್ದ ನಾನು ಆ ಗಡಿಬಿಡಿಯಲ್ಲಿ ಆರಿಹೋದೆ. ಹಿಂದಿನಿಂದ ಒಂದು ಟೆಂಪೋ ಬಂದು ಗುದ್ದಿತು. ಮನುಷ್ಯರಿಗೆ ಏನೂ ಆಗಲಿಲ್ಲ. ಪೆಟ್ಟು ಆಚೆಯ ಮೂಲೆಗೆ ಬಿದ್ದು ನಾನು ಉಳಿದೆ, ಕಾರು ಗುಜರಿಗೆ ಹೋಯಿತು.

ಗುಜರಿಯಿಂದ ನನ್ನನ್ನು ಎತ್ತಿಕೊಂಡವನು ಚಲಪತಿ. ಗಾಡಿಗಳಿಗೆ ಎಫ್‌ಸಿ ಮಾಡುವ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಎಂದು ಪರೀಕ್ಷಿಸುವ ಮೈದಾನದ ಗೇಟಿನೆದುರು ಅವನ ಅಂಗಡಿ. ಅಲ್ಲಿ ಒಂದು ಗೋಣಿಚೀಲವಿತ್ತು. ಅದರಲ್ಲಿ ಒಳಗೇನೂ ಇಲ್ಲದ ಬೆಂಕಿ ಆರಿಸುವ ಸಿಲಿಂಡರ್, ಖಾಲಿ ಟಿಂಚರ್ ಬಾಟಲಿಯ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಒಂದು ಜೊತೆ ವೈಪರ್. ಈಗ ನಾನೂ. ಬೆಳಗ್ಗೆ ಒಂದು ಗಾಡಿಗೆ ನಮ್ಮನ್ನೆಲ್ಲ ಸಿಕ್ಕಿಸುತ್ತಾನೆ, ಗಾಡಿ ಪಾಸಾಗುತ್ತದೆ, ಹೊರಗೆ ಬಂದೊಡನೆ ಬಿಚ್ಚುತ್ತಾನೆ, ಇನ್ನೊಂದಕ್ಕೆ ಸಿಕ್ಕಿಸುತ್ತಾನೆ. ಒಂದು ಸ್ಕ್ರೂ, ಎರಡು ವೈರು. ಅಷ್ಟೇ ನನ್ನ ಸಂಸಾರ.

ಹೊಸಬರು ಯಾರಾದರೂ ಅನುಮಾನಪಟ್ಟರೆ ಚಲಪತಿ ನಗುತ್ತಿದ್ದ. "ಹೆಣ್ಣು ನೋಡೋಕೆ ಬಂದಾಗ ಪಕ್ಕದ ಮನೆ ಸರ ಹಾಕ್ಕೊಳ್ಳಲ್ವೇನಣ್ಣಾ? ಹಂಗೇ ಇದು. ಗಂಡಿನ ಕಡೆಯೋರು ಎದ್ದು ಹೋದ್ಮೇಲೆ ಬಿಚ್ಚಿ ಕೊಟ್ಬುಡು."

ನನಗೆ ಸಿಟ್ಟು ಬರುತ್ತಿತ್ತು. ದೀಪಕ್ಕೆ ಸಿಟ್ಟು ಬಂದರೆ ಏನಾದೀತು? ಇನ್ನೂ ಕೆಂಪಗಾಗಲೂ ಬರುವುದಿಲ್ಲ. ನನ್ನ ನೂರಾರು ಪಾಸುಗಳು ಸುಳ್ಳು. ನನ್ನನ್ನು ಕಳಚಿ ಕಳಿಸಿದ ಪ್ರತಿಯೊಂದು ಗಾಡಿಯ ಬೆನ್ನಿನಲ್ಲಿ ನನ್ನಷ್ಟೇ ಅಗಲದ ಒಂದು ತೂತು ರಸ್ತೆಯ ಮೇಲೆ ಓಡಾಡುತ್ತಿತ್ತು. ಒಮ್ಮೆ ಚಲಪತಿ ಸ್ಪ್ಯಾನರು ಬೀಳಿಸಿ, ನನ್ನ ಮುಖದ ಮೇಲೆ ಕಾಗೆಯ ಕಾಲಿನಂಥ ಬಿರುಕು ಬಿಟ್ಟಿತು. "ಉರೀತದಲ್ಲ, ಸಾಕು," ಎಂದ.

ಆ ಬಿರುಕನ್ನು ಗಮನಿಸಿದವಳು ಭಾರ್ಗವಿ ಒಬ್ಬಳೇ. ಬಿ.ಎಸ್ಸಿ. ಮುಗಿಸಿದ ಹುಡುಗಿ, ಪರೀಕ್ಷೆಯ ಮೈದಾನದಲ್ಲಿ ಗುತ್ತಿಗೆಯ ಕೆಲಸ. ಇನ್‌ಸ್ಪೆಕ್ಟರ್ ಸಾಹೇಬರು ನೆರಳಿನಲ್ಲಿ ನಿಂತು "ಉರೀತಾ? ಟಿಕ್ ಹಾಕು" ಎನ್ನುವರು. ಅವಳು ಟ್ಯಾಬು ಹಿಡಿದು ಗಾಡಿ ಸುತ್ತಿ, ಒಂದೊಂದು ಭಾಗದ ಫೋಟೋ ತೆಗೆದು ಟಿಕ್ ಹಾಕುವಳು. ಯಾರೊಡನೆಯೂ ಮಾತಿಲ್ಲ. ಡಬ್ಬಿಯ ಊಟವನ್ನೂ ಗೋಡೆಗೆ ಮುಖ ಮಾಡಿಕೊಂಡು ತಿನ್ನುವಳು. ಒಂದು ದಿನ ನನ್ನೆದುರು ಕುಕ್ಕರುಗಾಲಲ್ಲಿ ಕುಳಿತು, ಬಿರುಕಿನ ಮೇಲೆ ಬೆರಳಾಡಿಸಿ, ತುಟಿ ಅಲುಗದ ಹಾಗೆ ಕೇಳಿದಳು: "ಮತ್ತೆ ಬಂದ್ಯಾ ನೀನು?"

ಇವಳಿಗೆ ಗೊತ್ತಾಯಿತು ಎಂದು ನನ್ನ ಜೀವ ಕುಣಿಯಿತು. ಅವಳು ಆಚೀಚೆ ನೋಡಿದಳು. ಟಿಕ್ ಹಾಕಿದಳು. ಎಲ್ಲರಿಗಿಂತ ಹೆಚ್ಚಾಗಿ ಅವಳ ಮೇಲೆ ಸಿಟ್ಟು ಬಂದದ್ದು ಅವತ್ತು. ನನಗಂತೂ ಬಾಯಿಲ್ಲ. ನಿನಗೇನಮ್ಮಾ ಬಂದಿತ್ತು?

ನವೆಂಬರಿನಲ್ಲಿ ಡ್ರೈವರ್ ನಾಗಭೂಷಣನ ಬಿಳಿ ವ್ಯಾನಿಗೆ ನನ್ನನ್ನು ಸಿಕ್ಕಿಸಿದರು. ಗಾರ್ಮೆಂಟ್ಸ್ ಹೆಂಗಸರನ್ನು ಬೆಳಗಿನ ಪಾಳಿಗೆ ಕರೆದೊಯ್ಯುವ ಗಾಡಿ. ಭಾರ್ಗವಿ ಫೋಟೋ ತೆಗೆದಳು, ಗಾಡಿ ಪಾಸಾಯಿತು, ನಾನು ಚೀಲಕ್ಕೆ ಬಂದೆ.

ಡಿಸೆಂಬರಿನ ಒಂದು ಬೆಳಗ್ಗೆ, ಕೈ ಚಾಚಿದರೆ ಕೈ ಕಾಣದಂಥ ಮಂಜಿನಲ್ಲಿ, ಆ ವ್ಯಾನು ಹುಣಸೇಮರದ ಕ್ರಾಸಿನಲ್ಲಿ ಹೆಂಗಸರನ್ನು ಹತ್ತಿಸಿಕೊಳ್ಳಲು ನಿಂತಿತು. ಹಿಂದಿನಿಂದ ಲಾರಿ ಬಂತು. ಕೊನೆಯ ಸೀಟಿನಲ್ಲಿದ್ದ ಟೈಲರ್ ಮುನಿಲಕ್ಷ್ಮಮ್ಮ ಅಲ್ಲೇ ಸತ್ತಳು. "ಹತ್ತು ಅಡಿಗೆ ಬರೋವರೆಗೂ ಗಾಡೀನೇ ಕಾಣ್ಲಿಲ್ಲ ಸ್ವಾಮಿ" ಎಂದು ಲಾರಿಯವನು ಅತ್ತನಂತೆ. ಇದೆಲ್ಲ ಚಲಪತಿಯ ಅಂಗಡಿಯಲ್ಲಿ ಟೀ ಕುಡಿಯುತ್ತಾ ಮಾತಾಡಿಕೊಂಡರು. "ಮಂಜು ಕಣಪ್ಪಾ, ಯಾರೇನು ಮಾಡಕ್ಕಾಗ್ತದೆ," ಎಂದರು. ಮೊಳೆಗೆ ನೇತುಹಾಕಿದ್ದ ಚೀಲದೊಳಗೆ ನಾನಿದ್ದೆ. ತಪ್ಪನ್ನು ಮಂಜಿನ ತಲೆಗೆ ಕಟ್ಟಿ ಲೋಟ ತೊಳೆದಿಟ್ಟರು.

ಜನವರಿ ಮುಗಿಯುವ ಮುಂಚೆ ಅದೇ ವ್ಯಾನು ಮತ್ತೆ ಬಂತು. ಹಿಂದಿನ ತಗಡು ಹೊಸದು, ಬಣ್ಣ ಹೊಸದು. ದೀಪ ಕೂರಿಸುವ ತೂತು ಮಾತ್ರ ಹಾಗೇ ಇತ್ತು. ಅಪಘಾತವಾದ ಗಾಡಿ ಮತ್ತೆ ಪರೀಕ್ಷೆ ಪಾಸಾಗದೆ ಓಡುವಂತಿಲ್ಲ. ಚಲಪತಿ ಚೀಲಕ್ಕೆ ಕೈ ಹಾಕಿ ನನ್ನನ್ನೇ ತೆಗೆದ. ಅದೇ ತೂತಿಗೆ ಅದೇ ನಾನು! ಚಲಪತಿ, ನಾಗಭೂಷಣ, ಇಬ್ಬರಲ್ಲಿ ಒಬ್ಬನಿಗಾದರೂ ಆ ಮಂಜಿನ ಬೆಳಗ್ಗೆ ನೆನಪಾಗಬಾರದೇ?

ಸಂತೆಗೆಂದು ಆ ವ್ಯಾನಿನಲ್ಲೇ ಬಂದಿದ್ದ ಅಕ್ಕಯಮ್ಮ ಎಂಬ ಹೆಂಗಸು ಕೆಳಗಿಳಿದು ನಿಂತಿದ್ದಳು. ಅವಳೂ ಮುನಿಲಕ್ಷ್ಮಮ್ಮನ ಗಾರ್ಮೆಂಟ್ಸ್ ಫ್ಯಾಕ್ಟರಿಯವಳೇ. ಭಾರ್ಗವಿ ನನ್ನ ಮುಂದೆ ಕೂತು ಟ್ಯಾಬು ಎತ್ತಿದಾಗ ಹತ್ತಿರ ಬಂದಳು.

"ಮೇಡಮ್ಮಾ, ಈಗ ಎಲ್ಲಾ ಸರ್ಯಾಗೈತಾ? ಲಕ್ಷ್ಮಕ್ಕನ ಸೀಟಿಗೆ ಯಾರೂ ಕುಂತ್ಕೊಳ್ಳಲ್ಲ ಅಂತಾರೆ. ನಾಳೆಯಿಂದ ನಾನೇ ಕುಂತ್ಕೋತೀನಿ ಅಂದೆ. ನೀವು ನೋಡಿ ಕಳ್ಸಿದ್ರೆ ಭಯ ಇಲ್ಲ."

ಭಾರ್ಗವಿಯ ಕಣ್ಣು ನನ್ನ ಬಿರುಕಿನ ಮೇಲೆ ಇಳಿಯಿತು.

"ಲೈಟ್ ಹಾಕಪ್ಪಾ," ಎಂದು ಸಾಹೇಬರು ಕೂಗಿದರು. ನಾಗಭೂಷಣ ಗುಂಡಿ ಒತ್ತಿದ. ಉರಿಯಬಾರದೆಂದು ಹಟ ಹಿಡಿದೆ. ಆದರೆ ಕರೆಂಟು ಬಂದರೆ ಉರಿಯುವುದೇ ನನ್ನ ಜಾತಿ. ಉರಿದೆ.

"ಉರೀತು. ಟಿಕ್ ಹಾಕಮ್ಮ."

ಅವಳ ಬೆರಳು ಟ್ಯಾಬಿನ ಮೇಲೆ ನಿಂತೇ ಇತ್ತು.

"ಏನಮ್ಮಾ, ನೆಟ್‌ವರ್ಕ್ ಇಲ್ವಾ?"

"ಬಿಸ್ಲು ಜಾಸ್ತಿ ಸಾರ್," ಚಲಪತಿ ಹಲ್ಲು ಬಿಟ್ಟ. "ಮೇಡಂಗೆ ಒಂದು ಟೀ ಹೇಳ್ಲಾ?"

ಭಾರ್ಗವಿ ಎದ್ದು ನಿಂತಳು. ಏನೋ ಅಂದಳು, ನನಗೂ ಕೇಳಿಸಲಿಲ್ಲ.

"ಜೋರಾಗಿ ಹೇಳಮ್ಮ, ಇರುವೆ ಮಾತಾಡಿದಂಗೆ ಮಾತಾಡ್ತೀಯ."

ಅವಳು ಟ್ಯಾಬನ್ನು ಕೆಳಗಿಳಿಸಿದಳು. ಈ ಸಲ ಗೇಟಿನಾಚೆಗೂ ಕೇಳಿಸಿರಬೇಕು. ಸಾಲಿನಲ್ಲಿ ನಿಂತ ಡ್ರೈವರುಗಳೆಲ್ಲ ತಿರುಗಿ ನೋಡಿದರು. ಅವಳು ಸಾಹೇಬರ ಕಡೆ ನೋಡದೆ, ಅಕ್ಕಯಮ್ಮನ ಮುಖ ನೋಡಿಕೊಂಡು ಹೇಳಿದಳು:

"ಈ ಲೈಟು ಈ ಗಾಡೀದಲ್ಲ. ಗೇಟ್ ದಾಟಿದ ತಕ್ಷಣ ಬಿಚ್ಕೋತಾರೆ. ನವೆಂಬರ್‌ನಲ್ಲೂ ಹೀಗೇ ಮಾಡಿದ್ರು. ಅವತ್ತೂ ನಂಗೆ ಗೊತ್ತಿತ್ತು, ಗೊತ್ತಿದ್ದೂ ಟಿಕ್ ಹಾಕಿದ್ದು ನಾನೇ."